ಇಪ್ಪತ್ತೈದು ವರ್ಷಗಳ ಒಂದು ಯುದ್ಧ, ಎರಡು ಸಾಮ್ರಾಜ್ಯಗಳ ಗತಿ

ಕ್ರಿ.ಶ. 630ರ ಮಾರ್ಚ್ ತಿಂಗಳಲ್ಲಿ ರೋಮನ್ ಚಕ್ರವರ್ತಿ ಹೆರಾಕ್ಲಿಯಸ್ ಒಂದು ಮರದ ತುಂಡಿನೊಡನೆ ಯೆರೂಸಲೇಮ್ ನಗರವನ್ನು ಪ್ರವೇಶಿಸಿದನು. ಯೇಸುಕ್ರಿಸ್ತನನ್ನು ಏರಿಸಿದ ಶಿಲುಬೆ ಅದೇ ಎಂದು ಕ್ರೈಸ್ತರು ನಂಬಿದ್ದರು. 16 ವರ್ಷಗಳ ಹಿಂದೆ ಪಾರಸೀಕ ಸೈನ್ಯ ಆ ನಗರವನ್ನು ಗೆದ್ದಾಗ ಅದನ್ನು ತನ್ನ ರಾಜಧಾನಿಗೆ ಕೊಂಡೊಯ್ದಿತ್ತು. ದೀರ್ಘಯುದ್ಧದ ಕೊನೆಗೆ ಗೆದ್ದ ಹೆರಾಕ್ಲಿಯಸ್ ಅದನ್ನು ಮರಳಿ ತಂದಿದ್ದನು. ಅದಕ್ಕೆ ಎರಡು ತಿಂಗಳು ಮೊದಲು, ಅಲ್ಲಿಂದ ಸುಮಾರು 1,200 ಕಿಲೋಮೀಟರ್ ದಕ್ಷಿಣಕ್ಕಿರುವ ಮೆಕ್ಕಾ ನಗರ ಪ್ರವಾದಿ ಮುಹಮ್ಮದರಿಗೆ ಶರಣಾಗಿತ್ತು. ಯೆರೂಸಲೇಮಿನ ಬೀದಿಗಳಲ್ಲಿ ಅಂದು ಆನಂದದಿಂದ ಕಣ್ಣೀರಿಟ್ಟವರಿಗೆ ಈ ಎರಡನೆಯ ಸುದ್ದಿ ತಲುಪಿತ್ತೆಂದೇ ಇಟ್ಟುಕೊಂಡರೂ, ಅದಕ್ಕೆ ಮಹತ್ವ ಕೊಡುವ ಕಾರಣವೇನೂ ಅವರಿಗೆ ಕಂಡಿರಲಾರದು. ಆದರೆ 636ರಲ್ಲಿ ಹೆರಾಕ್ಲಿಯಸ್‌ನ ಸೈನ್ಯ ಯರ್ಮೂಕ್ ನದಿಯ ಬಳಿ ಅರಬರ ಎದುರು ನಾಶವಾಯಿತು. 651ರ ಹೊತ್ತಿಗೆ ಸಿರಿಯಾ, ಪ್ಯಾಲೆಸ್ಟೈನ್, ಈಜಿಪ್ಟ್‌ಗಳು ರೋಮನರ ಕೈಬಿಟ್ಟಿದ್ದವು. ಪಾರಸೀಕರ ಸಸಾನಿ ಸಾಮ್ರಾಜ್ಯವಂತೂ ಭೂಪಟದಿಂದಲೇ ಅಳಿಸಿಹೋಗಿತ್ತು.

ಇದು ಹೇಗಾಯಿತು ಎಂಬ ಪ್ರಶ್ನೆಗೆ ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಉತ್ತರಿಸುತ್ತವೆ: ಎರಡು ಸಾಮ್ರಾಜ್ಯಗಳೂ ಪರಸ್ಪರ ಹೊಡೆದಾಡಿ ದಣಿದಿದ್ದವು, ಹೊಸ ಧರ್ಮದ ಉತ್ಸಾಹದಿಂದ ಬಂದ ಅರಬರು ಅವುಗಳನ್ನು ಸುಲಭವಾಗಿ ಗೆದ್ದರು. ಈ ಉತ್ತರದಲ್ಲಿ ಸತ್ಯವಿದೆ, ಆದರೆ ಅದು ಅರ್ಧ ಸತ್ಯ. ಈ ಎರಡು ರಾಜ್ಯಗಳು ಅದಕ್ಕೂ ಮೊದಲು ಎಷ್ಟೋ ಸಲ ದಣಿದು, ಎಷ್ಟೋ ಸಲ ಚೇತರಿಸಿಕೊಂಡಿದ್ದವು. ಅಲ್ಲದೆ ದಣಿವೊಂದೇ ಕಾರಣವಾಗಿದ್ದರೆ ಎರಡಕ್ಕೂ ಒಂದೇ ಗತಿ ಒದಗಬೇಕಿತ್ತು, ಹಾಗಾಗಲಿಲ್ಲ. ಯುದ್ಧದಲ್ಲಿ ಸೋತ ಪಾರಸೀಕ ರಾಜ್ಯ ಪೂರ್ತಿಯಾಗಿ ಮುಳುಗಿತು, ಗೆದ್ದ ರೋಮ್ ಕೈಕಾಲು ಕಳೆದುಕೊಂಡರೂ 1453ರವರೆಗೆ ಉಳಿಯಿತು. 603ರಿಂದ 628ರವರೆಗೆ ನಡೆದ ಆ ಯುದ್ಧ ಇಬ್ಬರ ಶಕ್ತಿಯನ್ನು ಹೀರಿದ್ದಕ್ಕಿಂತ ಹೆಚ್ಚಾಗಿ, ಪಶ್ಚಿಮ ಏಷ್ಯಾವನ್ನು ನಾಲ್ಕು ಶತಮಾನಗಳ ಕಾಲ ಹಿಡಿದು ನಿಲ್ಲಿಸಿದ್ದ ವ್ಯವಸ್ಥೆಯನ್ನೇ ಕಳಚಿಹಾಕಿತು ಎಂಬುದು ನನ್ನ ತಿಳಿವಳಿಕೆ. ಆ ವ್ಯವಸ್ಥೆ ಯಾವುದು ಎಂಬಲ್ಲಿಂದಲೇ ವಿವರಣೆ ಆರಂಭವಾಗಬೇಕು.

ನಾವು ಇಂದು ಬೈಜಾಂಟಿಯಂ ಎಂದು ಕರೆಯುವ ರಾಜ್ಯ ತನ್ನನ್ನು ಎಂದೂ ಹಾಗೆ ಕರೆದುಕೊಳ್ಳಲಿಲ್ಲ. 476ರಲ್ಲಿ ಇಟಲಿಯ ಕೊನೆಯ ಚಕ್ರವರ್ತಿ ಪದಚ್ಯುತನಾದ ಮೇಲೂ ಪೂರ್ವದ ರೋಮನ್ ಸಾಮ್ರಾಜ್ಯ ಮುಂದುವರಿಯಿತು. ಅದರ ಪ್ರಜೆಗಳು ಗ್ರೀಕ್ ಮಾತನಾಡುತ್ತಿದ್ದರೂ ತಾವು ರೋಮನರೆಂದೇ ಹೇಳಿಕೊಂಡರು. 330ರಲ್ಲಿ ಕಾನ್‌ಸ್ಟಂಟೈನ್ ಪ್ರತಿಷ್ಠಾಪಿಸಿದ ಕಾನ್‌ಸ್ಟಾಂಟಿನೋಪಲ್ ಅದರ ರಾಜಧಾನಿ, ಈಜಿಪ್ಟ್ ಅದರ ಕಣಜ. ಅದರ ಪೂರ್ವಕ್ಕೆ, ಯೂಫ್ರೆಟಿಸ್ ನದಿಯ ಆಚೆಗೆ, 224ರಲ್ಲಿ ಅರ್ದಶೀರ್ ಸ್ಥಾಪಿಸಿದ ಸಸಾನಿ ವಂಶದ ಸಾಮ್ರಾಜ್ಯವಿತ್ತು. ಇಂದಿನ ಬಾಗ್ದಾದಿಗೆ ಸಮೀಪದಲ್ಲಿ, ಟೈಗ್ರಿಸ್ ದಂಡೆಯ ಮೇಲಿದ್ದ ಟೆಸಿಫೋನ್ ಅದರ ರಾಜಧಾನಿ. ಈ ಎರಡು ರಾಜ್ಯಗಳು ಪದೇ ಪದೇ ಕಾದಾಡಿದವು. 260ರಲ್ಲಿ ಸಸಾನಿ ದೊರೆ ಶಾಪೂರ್ ರೋಮನ್ ಚಕ್ರವರ್ತಿ ವಲೇರಿಯನ್‌ನನ್ನು ಸೆರೆಹಿಡಿದಿದ್ದನು. ಆದರೂ ಅವುಗಳ ಯುದ್ಧಕ್ಕೆ ಒಂದು ಮಿತಿ ಇತ್ತು. ಮೆಸಪಟೋಮಿಯಾದ ಉತ್ತರದಲ್ಲಿ ನಿಸಿಬಿಸ್, ದಾರಾ ಮುಂತಾದ ಕೋಟೆಗಳು ಕೈಬದಲಾಗುತ್ತಿದ್ದವು, ಆರ್ಮೇನಿಯಾದ ಕೆಲವು ಕಣಿವೆಗಳು ಅತ್ತಿಂದಿತ್ತ ಹೋಗುತ್ತಿದ್ದವು, ಒಂದಿಷ್ಟು ಚಿನ್ನ ಕೊಟ್ಟು ಸಂಧಿ ಮಾಡಿಕೊಳ್ಳಲಾಗುತ್ತಿತ್ತು. ಒಬ್ಬರು ಇನ್ನೊಬ್ಬರನ್ನು ಇಲ್ಲವಾಗಿಸುವ ಯೋಜನೆ ಯಾರಲ್ಲಿಯೂ ಇರಲಿಲ್ಲ. ಲೋಕವನ್ನು ಬೆಳಗುವುದಕ್ಕೆ ದೇವರು ಇಟ್ಟಿರುವ ಎರಡು ಕಣ್ಣುಗಳು ಈ ಎರಡು ರಾಜ್ಯಗಳು ಎಂಬ ಮಾತು, ಸಸಾನಿ ದೊರೆ ಎರಡನೆಯ ಖುಸ್ರೋ ರೋಮನ್ ಚಕ್ರವರ್ತಿಗೆ ಬರೆದನೆಂದು ದಾಖಲಾಗಿರುವ ಪತ್ರದಲ್ಲಿದೆ. ಆ ಹೋಲಿಕೆಯ ಹಿಂದೆ ರಾಜತಾಂತ್ರಿಕ ಮುಖಸ್ತುತಿ ಇದ್ದಿರಬಹುದು, ಆದರೆ ಅದು ನಿಜವಾದ ಒಂದು ಏರ್ಪಾಟನ್ನೇ ಹೆಸರಿಸುತ್ತದೆ.

ಧರ್ಮದ ವಿಷಯದಲ್ಲಿ ಎರಡೂ ಕಡೆ ರಾಜ್ಯ ಮತ್ತು ಮತ ಹೆಣೆದುಕೊಂಡಿದ್ದವು, ಆದರೆ ಹೆಣಿಗೆಯ ರೀತಿ ಬೇರೆಯಾಗಿತ್ತು. ಸಸಾನಿಗಳು ಜರತುಷ್ಟ್ರನ ಮತವನ್ನು ಅನುಸರಿಸಿದರು. ಅಗ್ನಿಮಂದಿರಗಳಿಗೆ ದತ್ತಿ ಬಿಡುತ್ತಿದ್ದವರು ಅರಸರು ಮತ್ತು ಶ್ರೀಮಂತ ಮನೆತನಗಳು, ನ್ಯಾಯ ಹೇಳುವ ಕೆಲಸದಲ್ಲಿಯೂ ಪುರೋಹಿತರದೇ ದೊಡ್ಡ ಪಾತ್ರ. ರೋಮಿನಲ್ಲಿ ಕ್ರೈಸ್ತಮತ ಮೊದಲ ಮುನ್ನೂರು ವರ್ಷ ರಾಜಾಶ್ರಯವಿಲ್ಲದೆ, ಕೆಲವೊಮ್ಮೆ ರಾಜದಂಡಕ್ಕೆ ಗುರಿಯಾಗಿ ಬೆಳೆದು, 380ರ ಹೊತ್ತಿಗೆ ರಾಜ್ಯದ ಅಧಿಕೃತ ಮತವಾಯಿತು. ಹಾಗಾದ ಕೂಡಲೇ ಒಳಜಗಳ ರಾಜ್ಯದ ಜಗಳವಾಗಿಬಿಟ್ಟಿತು. ಕ್ರಿಸ್ತನು ದೇವರೂ ಹೌದು, ಮನುಷ್ಯನೂ ಹೌದು ಎಂಬುದನ್ನು ಎಲ್ಲರೂ ಒಪ್ಪಿದ್ದರು. ಆದರೆ ಅವನಲ್ಲಿ ದೈವಸ್ವಭಾವ, ಮನುಷ್ಯಸ್ವಭಾವ ಎಂಬ ಎರಡು ಸ್ವಭಾವಗಳು ತಮ್ಮ ತಮ್ಮ ಗುಣವನ್ನು ಉಳಿಸಿಕೊಂಡು ಕೂಡಿವೆಯೋ, ಅಥವಾ ಎರಡೂ ಸೇರಿ ಒಂದೇ ಸ್ವಭಾವವಾಗಿದೆಯೋ ಎಂಬಲ್ಲಿ ಭೇದ ಹುಟ್ಟಿತು. 451ರಲ್ಲಿ ಕಾಲ್ಸಿಡನ್‌ನಲ್ಲಿ ಸೇರಿದ ಧರ್ಮಸಭೆ ಮೊದಲನೆಯ ಪಕ್ಷವನ್ನು ಎತ್ತಿಹಿಡಿಯಿತು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಲ್ಲಿ ಬಹುಪಾಲು ಜನರೂ ಸಿರಿಯಾದ ಸಿರಿಯಕ್ ಭಾಷಿಕರಲ್ಲಿ ಅನೇಕರೂ ಅದನ್ನು ಒಪ್ಪಲಿಲ್ಲ. ಅಂದಿನಿಂದ ಸಾಮ್ರಾಜ್ಯದ ಅತ್ಯಂತ ಸಂಪನ್ನ ಪ್ರಾಂತಗಳ ಜನ ತಮ್ಮ ಚಕ್ರವರ್ತಿಯನ್ನು ತಪ್ಪು ನಂಬಿಕೆಯವನೆಂದು ಕಾಣತೊಡಗಿದರು. ಚಕ್ರವರ್ತಿಗಳು ಒಮ್ಮೆ ಓಲೈಕೆಯಿಂದ, ಒಮ್ಮೆ ಬಲಾತ್ಕಾರದಿಂದ ಅವರನ್ನು ಒಂದುಗೂಡಿಸಲು ಯತ್ನಿಸಿ ಎರಡರಲ್ಲಿಯೂ ಸೋತರು.

ಎರಡು ರಾಜ್ಯಗಳ ದಕ್ಷಿಣದ ಗಡಿ ಮರುಭೂಮಿ. ಅಲ್ಲಿ ಕೋಟೆ ಕಟ್ಟಿ ಕಾಯುವುದು ದುಬಾರಿ, ಹಾಗಾಗಿ ಇಬ್ಬರೂ ಅರಬ್ ಸಾಮಂತರನ್ನು ಇಟ್ಟುಕೊಂಡಿದ್ದರು. ರೋಮನರ ಪಕ್ಷದಲ್ಲಿ ಘಸ್ಸಾನಿ ಮನೆತನ, ಪಾರಸೀಕರ ಪಕ್ಷದಲ್ಲಿ ಹೀರಾ ಪಟ್ಟಣದ ಲಖ್ಮಿ ಮನೆತನ. ಸಾಮಂತ ಪದ್ಧತಿಯ ಒಳಹೊರಗು ಕನ್ನಡ ನಾಡಿನ ಇತಿಹಾಸ ಓದಿದವರಿಗೆ ಚೆನ್ನಾಗಿ ತಿಳಿದಿರುವುದರಿಂದ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಸಾಮಂತ ಬಲವಾಗಿದ್ದರೆ ಗಡಿ ಭದ್ರ, ಆದರೆ ಬಲವಾದ ಸಾಮಂತನನ್ನು ಕಂಡರೆ ಒಡೆಯನಿಗೆ ಅನುಮಾನ. ರೋಮನರು 580ರ ದಶಕದ ಆರಂಭದಲ್ಲಿ ಘಸ್ಸಾನಿಗಳ ನಾಯಕ ಮುಂದಿರ್‌ನನ್ನು ಬಂಧಿಸಿ ಗಡೀಪಾರು ಮಾಡಿದರು. ಎರಡನೆಯ ಖುಸ್ರೋ ಸುಮಾರು 602ರಲ್ಲಿ ಲಖ್ಮಿ ದೊರೆ ನುಅಮಾನ್‌ನನ್ನು ಹಿಡಿಸಿ ಕೊಲ್ಲಿಸಿ, ಆ ಮನೆತನದ ಆಳ್ವಿಕೆಯನ್ನೇ ಕೊನೆಗಾಣಿಸಿದನು. ಕೆಲವೇ ವರ್ಷಗಳಲ್ಲಿ ಧೂ ಕಾರ್ ಎಂಬಲ್ಲಿ ಅರಬ್ ಬುಡಕಟ್ಟುಗಳು ಪಾರಸೀಕ ಪಡೆಯೊಂದನ್ನು ಸೋಲಿಸಿದವು. ಕಾಳಗ ಸಣ್ಣದು, ಆದರೆ ಅರಬರ ಕಾವ್ಯ ಅದನ್ನು ಮರೆಯಲಿಲ್ಲ.

ಇನ್ನು ಯುದ್ಧದ ಕಥೆಗೆ ಬರೋಣ. ಅದರ ಬೀಜ ಒಂದು ಉಪಕಾರದಲ್ಲಿತ್ತು. 590ರಲ್ಲಿ ಬಹ್ರಾಮ್ ಚೋಬೀನ್ ಎಂಬ ಸೇನಾಪತಿ ಬಂಡೆದ್ದಾಗ ಯುವಕ ಖುಸ್ರೋ ಸಿಂಹಾಸನ ಕಳೆದುಕೊಂಡು ಶತ್ರುವಿನ ಮನೆಗೇ ಓಡಿಹೋದನು. ಚಕ್ರವರ್ತಿ ಮಾರಿಸ್ ಅವನಿಗೆ ಸೈನ್ಯ ಕೊಟ್ಟು 591ರಲ್ಲಿ ಮತ್ತೆ ಪಟ್ಟಕ್ಕೆ ಕೂರಿಸಿದನು. ಪ್ರತಿಫಲವಾಗಿ ದಾರಾ ಕೋಟೆ ಮತ್ತು ಆರ್ಮೇನಿಯಾದ ದೊಡ್ಡ ಭಾಗ ರೋಮನರಿಗೆ ಸಿಕ್ಕಿತು. ಹನ್ನೊಂದು ವರ್ಷ ಗಡಿ ಶಾಂತವಾಗಿತ್ತು. ಅಷ್ಟರಲ್ಲಿ ಡ್ಯಾನ್ಯೂಬ್ ನದಿಯ ಗಡಿಯಲ್ಲಿದ್ದ ರೋಮನ್ ಸೈನ್ಯಕ್ಕೆ, ಖರ್ಚು ಉಳಿಸುವ ಸಲುವಾಗಿ, ನದಿಯಾಚೆಯ ಶತ್ರುನೆಲದಲ್ಲೇ ಚಳಿಗಾಲ ಕಳೆಯಬೇಕೆಂಬ ಆಜ್ಞೆ ಬಂತು. ಸೈನಿಕರು ದಂಗೆಯೆದ್ದು ಫೋಕಸ್ ಎಂಬ ಕೆಳದರ್ಜೆಯ ಅಧಿಕಾರಿಯನ್ನು ಮುಂದಿಟ್ಟುಕೊಂಡು ರಾಜಧಾನಿಗೆ ನುಗ್ಗಿದರು. 602ರ ನವೆಂಬರಿನಲ್ಲಿ ಮಾರಿಸ್‌ನ ಕಣ್ಣೆದುರಿಗೇ ಅವನ ಗಂಡುಮಕ್ಕಳನ್ನು ಕೊಂದು, ಅನಂತರ ಅವನನ್ನೂ ಕೊಂದರು. ತನ್ನ ಉಪಕಾರಿಯ ಕೊಲೆಗೆ ಸೇಡು ತೀರಿಸುತ್ತೇನೆಂದು ಖುಸ್ರೋ ಯುದ್ಧ ಸಾರಿದನು. ಅದು ನೆಪವೇ ಆಗಿರಬಹುದು. ಕಳೆದುಕೊಂಡ ಕೋಟೆಗಳನ್ನು ಮರಳಿ ಪಡೆಯಲು ಅದಕ್ಕಿಂತ ಒಳ್ಳೆಯ ಅವಕಾಶ ಅವನಿಗೆ ಸಿಗುತ್ತಿರಲಿಲ್ಲ. ಆದರೆ ಎಲ್ಲಿ ನಿಲ್ಲಿಸಬೇಕೆಂಬ ಹಳೆಯ ಲೆಕ್ಕ ಇಲ್ಲಿ ತಪ್ಪಿತು.

ದಾರಾ ಬಿತ್ತು. ರೋಮನರು ತಮ್ಮತಮ್ಮಲ್ಲೇ ಕಾದಾಡುತ್ತಿದ್ದರು. 608ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಿಂದ ಇನ್ನೊಂದು ಬಂಡಾಯ ಹೊರಟು, 610ರಲ್ಲಿ ಅಲ್ಲಿನ ರಾಜ್ಯಪಾಲನ ಮಗ ಹೆರಾಕ್ಲಿಯಸ್ ಫೋಕಸ್‌ನನ್ನು ಕೊಂದು ಚಕ್ರವರ್ತಿಯಾದನು. ಈ ಗೊಂದಲದಲ್ಲಿ ಪಾರಸೀಕ ಸೇನಾಪತಿಗಳು ಕೋಟೆಯಿಂದ ಕೋಟೆಗೆ, ಕೋಟೆಗಳಿಂದ ಪ್ರಾಂತಗಳಿಗೆ ಮುಂದುವರಿದರು. 611ರಲ್ಲಿ ಅಂತಿಯೋಕ್, 613ರಲ್ಲಿ ಡಮಾಸ್ಕಸ್, 614ರಲ್ಲಿ ಯೆರೂಸಲೇಮ್, 619ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ. ಹಿಂದಿನ ಯುದ್ಧಗಳಲ್ಲಿ ಪಾರಸೀಕರು ನಗರವನ್ನು ಕೊಳ್ಳೆಹೊಡೆದು ಹಿಂದಿರುಗುತ್ತಿದ್ದರು. ಈಗ ಅವರು ಉಳಿದರು, ಕಂದಾಯ ವಸೂಲಿ ಮಾಡಿದರು, ಆಡಳಿತ ನಡೆಸಿದರು. ಅಲೆಕ್ಸಾಂಡರ್ ಬಂದ ಮೇಲೆ, ಎಂದರೆ ಒಂಬತ್ತು ಶತಮಾನಗಳಿಗೂ ಹೆಚ್ಚು ಕಾಲ, ಇರಾನಿನ ಯಾವ ದೊರೆಯೂ ಈಜಿಪ್ಟನ್ನು ಆಳಿರಲಿಲ್ಲ. ಕಾನ್‌ಸ್ಟಾಂಟಿನೋಪಲ್ಲಿನ ಬಡವರಿಗೆ ಉಚಿತವಾಗಿ ಹಂಚುತ್ತಿದ್ದ ರೊಟ್ಟಿ ಈಜಿಪ್ಟಿನ ಗೋಧಿಯಿಂದ ಆಗುತ್ತಿತ್ತು. ಶತಮಾನಗಳಿಂದ ನಡೆದುಬಂದಿದ್ದ ಆ ದಾನ ಈ ವರ್ಷಗಳಲ್ಲಿ ನಿಂತಿತು.

ಹೆರಾಕ್ಲಿಯಸ್ ಕೈಗೊಂಡ ಕ್ರಮಗಳನ್ನು ನೋಡಿದರೆ ರಾಜ್ಯ ಎಂಥ ಸ್ಥಿತಿಗೆ ಬಂದಿತ್ತೆಂದು ಅರಿವಾಗುತ್ತದೆ. ಅಧಿಕಾರಿಗಳ ಮತ್ತು ಸೈನಿಕರ ಸಂಬಳವನ್ನು ಅರ್ಧಕ್ಕೆ ಇಳಿಸಲಾಯಿತು. ಚರ್ಚುಗಳ ಬೆಳ್ಳಿಬಂಗಾರದ ಪಾತ್ರೆಗಳನ್ನು ಸಾಲವಾಗಿ ಪಡೆದು ಕರಗಿಸಲಾಯಿತು. 615ರಲ್ಲಿ ಹೊರಬಂದ ಹೊಸ ಬೆಳ್ಳಿನಾಣ್ಯದ ಮೇಲೆ ‘ದೇವರೇ, ರೋಮನರಿಗೆ ನೆರವಾಗು’ ಎಂಬ ಪ್ರಾರ್ಥನೆಯನ್ನು ಟಂಕಿಸಲಾಗಿತ್ತು. ಸಂಬಳದ ಹಣದ ಮೇಲೆಯೇ ಇಂಥ ಮೊರೆಯನ್ನು ಒತ್ತಿ ಹಂಚಿದ ರಾಜ್ಯದ ಮನಸ್ಥಿತಿಯನ್ನು ತಿಳಿಯಲು ನನಗೆ ಈ ನಾಣ್ಯಕ್ಕಿಂತ ಉತ್ತಮ ಸಾಕ್ಷ್ಯ ಕಾಣುವುದಿಲ್ಲ. ಯುದ್ಧಕ್ಕೆ ಇದ್ದಕ್ಕಿದ್ದಂತೆ ಧರ್ಮಯುದ್ಧದ ಬಣ್ಣ ಬಂತು: ಶಿಲುಬೆಯನ್ನು ಕಳೆದುಕೊಂಡ ಸೈನ್ಯ ಅದನ್ನು ಮರಳಿ ತರಲು ಹೊರಟಿತು, 624ರಲ್ಲಿ ಇರಾನಿನ ವಾಯವ್ಯದ ಪ್ರಸಿದ್ಧ ಅಗ್ನಿಮಂದಿರವನ್ನು ನಾಶಮಾಡಿತು.

626ರ ಬೇಸಿಗೆಯಲ್ಲಿ ಎಲ್ಲವೂ ಮುಗಿದಂತೆ ಕಂಡಿತು. ಪಶ್ಚಿಮದಿಂದ ಅವಾರರೆಂಬ ಕುದುರೆಸವಾರ ಅಲೆಮಾರಿಗಳು ಸ್ಲಾವ್ ಜನರನ್ನು ಕೂಡಿಕೊಂಡು ಕಾನ್‌ಸ್ಟಾಂಟಿನೋಪಲ್ಲಿನ ಗೋಡೆಯ ಮುಂದೆ ನಿಂತರು. ಪೂರ್ವದಿಂದ ಪಾರಸೀಕ ಸೇನಾಪತಿ ಶಹ್ರ್‌ಬರಾಜ್ ಜಲಸಂಧಿಯ ಆಚೆ ದಡದಲ್ಲಿ ಪಾಳೆಯ ಹೂಡಿದನು. ಚಕ್ರವರ್ತಿ ನಗರದಲ್ಲಿರಲಿಲ್ಲ, ದೂರದ ಪೂರ್ವದಲ್ಲಿ ಯುದ್ಧಮಾಡುತ್ತಿದ್ದನು. ಆದರೆ ಐದನೆಯ ಶತಮಾನದಲ್ಲಿ ಕಟ್ಟಿದ ಗೋಡೆಗಳು ಅವಾರರನ್ನು ತಡೆದವು, ಎರಡು ದಡಗಳ ನಡುವಣ ಕಿರಿದಾದ ನೀರನ್ನು ರೋಮನ್ ಹಡಗುಗಳು ಕಾದವು. ಪಾರಸೀಕರ ಬಳಿ ದಾಟಲು ಹಡಗುಗಳಿರಲಿಲ್ಲ. ಅವರನ್ನು ಕರೆತರಲು ಹೊರಟ ಸ್ಲಾವರ ದೋಣಿಗಳು ಮುಳುಗಿದವು. ಹತ್ತು ದಿನಗಳೊಳಗೆ ಮುತ್ತಿಗೆ ತೆರವಾಯಿತು. ಈ ಗೋಡೆ ಮತ್ತು ಈ ನೀರನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಮತ್ತೆ ಅದೇ ಮಾತು ಬರುತ್ತದೆ.

ಆಮೇಲೆ ಹೆರಾಕ್ಲಿಯಸ್ ಮಾಡಿದ್ದು ಅಸಾಧಾರಣ ಸಾಹಸ. ಕಾಕಸಸ್ ಪರ್ವತಗಳಾಚೆಯ ತುರ್ಕರೊಡನೆ ಮೈತ್ರಿ ಮಾಡಿಕೊಂಡು, ಶತ್ರು ಸೈನ್ಯ ಇನ್ನೂ ಸಿರಿಯಾ ಮತ್ತು ಈಜಿಪ್ಟಿನಲ್ಲಿ ಕುಳಿತಿರುವಾಗಲೇ, ಅವನು ಚಳಿಗಾಲದಲ್ಲಿ ಮೆಸಪಟೋಮಿಯಾದೊಳಕ್ಕೆ ಇಳಿದನು. 627ರ ಡಿಸೆಂಬರ್ 12ರಂದು ಪ್ರಾಚೀನ ನಿನೆವೆಯ ಅವಶೇಷಗಳ ಬಳಿ ಪಾರಸೀಕ ಸೈನ್ಯವನ್ನು ಸೋಲಿಸಿ, ದಸ್ತಗಿರ್ದ್‌ನಲ್ಲಿದ್ದ ಖುಸ್ರೋನ ಅರಮನೆಯನ್ನು ಸೂರೆಗೊಂಡನು. ಟೆಸಿಫೋನನ್ನು ಅವನು ಮುತ್ತಲಿಲ್ಲ, ಮುತ್ತುವ ಅಗತ್ಯವೂ ಬೀಳಲಿಲ್ಲ. 628ರ ಫೆಬ್ರವರಿಯಲ್ಲಿ ಪಾರಸೀಕ ಶ್ರೀಮಂತರೇ ಖುಸ್ರೋನನ್ನು ಇಳಿಸಿದರು; ಅವನ ಮಗ ಶೀರೋಯ ತಂದೆಯನ್ನು ಕೊಲ್ಲಿಸಿ, ಸಿಂಹಾಸನಕ್ಕೆ ಸ್ಪರ್ಧಿಗಳಾಗಬಹುದಾಗಿದ್ದ ತನ್ನ ಸಹೋದರರನ್ನೂ ಕೊಲ್ಲಿಸಿ, ಕೆಲವೇ ತಿಂಗಳಲ್ಲಿ ತಾನೂ ಸತ್ತನು. ಆ ವರ್ಷ ಇರಾಕಿನಲ್ಲಿ ಪ್ಲೇಗ್ ಹರಡಿತ್ತು. ಅದೇ ಕಾಲದಲ್ಲಿ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಉಕ್ಕಿ ಏರಿಗಳು ಒಡೆದು, ದಕ್ಷಿಣ ಇರಾಕಿನ ವಿಶಾಲವಾದ ಬೇಸಾಯದ ಭೂಮಿ ಜೌಗಾಯಿತು. ಒಂದು ಮಗು, ಬಂಡೆದ್ದ ಸೇನಾಪತಿ ಶಹ್ರ್‌ಬರಾಜ್, ಖುಸ್ರೋನ ಹೆಣ್ಣುಮಕ್ಕಳಾದ ಬೋರಾನ್ ಮತ್ತು ಆಜರ್ಮಿದುಖ್ತ್, ಹೀಗೆ ಒಬ್ಬರಾದ ಮೇಲೊಬ್ಬರು ಪಟ್ಟವೇರಿ ಇಳಿದರು. 632ರಲ್ಲಿ ಖುಸ್ರೋನ ಮೊಮ್ಮಗ, ಇನ್ನೂ ಹುಡುಗನಾಗಿದ್ದ ಮೂರನೆಯ ಯಜ್ದಗಿರ್ದ್, ದೊರೆಯಾದನು.

ಇಲ್ಲಿ ಒಂದು ಮಾತನ್ನು ಸೇರಿಸಬೇಕೆನಿಸುತ್ತದೆ. ಒಂಬತ್ತು-ಹತ್ತನೆಯ ಶತಮಾನದ ಇತಿಹಾಸಕಾರ ತಬರಿ, ಖುಸ್ರೋ ತನ್ನ ಆಳ್ವಿಕೆಯ 36ನೆಯ ವರ್ಷದಲ್ಲಿ ಭಾರತದ ಒಬ್ಬ ದೊರೆಯಿಂದ ಪತ್ರ ಮತ್ತು ಕಾಣಿಕೆಗಳನ್ನು ಪಡೆದನೆಂದು ಬರೆದಿದ್ದಾನೆ. ಅದು ಸುಮಾರು 625-26, ಎಂದರೆ ಕಾನ್‌ಸ್ಟಾಂಟಿನೋಪಲ್ಲಿನ ಮುತ್ತಿಗೆಯ ಆಸುಪಾಸಿನ ಕಾಲ. ಆ ದೊರೆಯನ್ನು ಬಾದಾಮಿಯ ಇಮ್ಮಡಿ ಪುಲಿಕೇಶಿಯೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಅಜಂತಾದ ಒಂದನೆಯ ಗುಹೆಯ ಚಿತ್ರವೊಂದು ಪುಲಿಕೇಶಿಯ ಸಭೆಗೆ ಬಂದ ಪಾರಸೀಕ ರಾಯಭಾರಿಗಳದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಹೇಳಿದ್ದನ್ನು ನಾವು ಇಂದಿಗೂ ಪುನರುಚ್ಚರಿಸುತ್ತೇವೆ, ಆದರೆ ಆ ಗುಹೆಯನ್ನು ಈಗ ಅನೇಕರು ಐದನೆಯ ಶತಮಾನದ ಕೊನೆಗೆ ಸೇರಿಸುವುದರಿಂದ ಆ ಮಾತು ನಿಲ್ಲುವುದು ಕಷ್ಟ. ಚಿತ್ರದ ಮಾತು ಹೋದರೂ ಸಮಕಾಲೀನತೆಯ ಮಾತು ಉಳಿಯುತ್ತದೆ: ರವಿಕೀರ್ತಿ ಐಹೊಳೆಯ ಶಾಸನವನ್ನು ರಚಿಸಿದ 634ರಲ್ಲೇ ಅರಬ್ ಪಡೆಗಳು ಪ್ಯಾಲೆಸ್ಟೈನಿನಲ್ಲಿ ರೋಮನರ ಮೇಲೆ ಮೊದಲ ದೊಡ್ಡ ಗೆಲುವುಗಳನ್ನು ಪಡೆಯುತ್ತಿದ್ದವು.

ಯುದ್ಧ ಮುಗಿದಾಗ ಏನು ಉಳಿದಿತ್ತು? ಖಜಾನೆ ಬರಿದಾಗಿತ್ತು, ಸೈನಿಕರು ಸತ್ತಿದ್ದರು ಎಂಬುದು ಎಲ್ಲರಿಗೂ ಕಾಣುವ ನಷ್ಟ. ಕಣ್ಣಿಗೆ ಕಾಣದ ನಷ್ಟ ಇನ್ನೊಂದಿತ್ತು. ಡಮಾಸ್ಕಸ್ 613ರಿಂದ 629ರವರೆಗೆ ಪಾರಸೀಕರ ಕೈಯಲ್ಲಿತ್ತು. ಅಲ್ಲಿ 613ರಲ್ಲಿ ನಾಲ್ಕು ವರ್ಷದ ಮಗುವಾಗಿದ್ದವನು ರೋಮನರು ಮರಳಿದಾಗ ಇಪ್ಪತ್ತರ ತರುಣ. ರೋಮನ್ ಅಧಿಕಾರಿ, ರೋಮನ್ ಕಂದಾಯ, ರೋಮನ್ ಕಾವಲುಪಡೆ ಅವನಿಗೆ ಹಿರಿಯರು ಹೇಳಿದ ಕಥೆಗಳಾಗಿದ್ದವು. ಚಕ್ರವರ್ತಿಯಿಲ್ಲದೆಯೂ ಊರು ನಡೆಯುತ್ತದೆ, ಸ್ಥಳೀಯ ಮುಖಂಡರು ಮತ್ತು ಬಿಷಪ್ಪರು ಹೊಸ ಒಡೆಯನೊಡನೆ ಒಪ್ಪಂದ ಮಾಡಿಕೊಂಡು ಕಂದಾಯ ಕಟ್ಟಿದರೆ ಬದುಕು ಸಾಗುತ್ತದೆ ಎಂಬುದನ್ನು ಆ ಊರುಗಳು ಹದಿನೈದು ವರ್ಷ ಕಲಿತಿದ್ದವು. ಮರಳಿ ಬಂದ ರೋಮ್ ಬೇರೂರುವ ಮುನ್ನವೇ, ಐದು ವರ್ಷಗಳೊಳಗೆ, ಮೂರನೆಯ ಒಡೆಯ ಬಾಗಿಲಿಗೆ ಬಂದನು. ಅದರ ಮೇಲೆ ಹೆರಾಕ್ಲಿಯಸ್ ಗೆದ್ದ ಹುಮ್ಮಸ್ಸಿನಲ್ಲಿ ಮತಭೇದವನ್ನು ಮುಗಿಸಲು ಹೊರಟನು. 631ರಲ್ಲಿ ಅಲೆಕ್ಸಾಂಡ್ರಿಯಕ್ಕೆ ಕಳುಹಿಸಿದ ಸೈರಸ್ ಎಂಬ ಧರ್ಮಾಧ್ಯಕ್ಷ ಕಾಪ್ಟಿಕ್ ಕ್ರೈಸ್ತರನ್ನು ಬಲವಂತದಿಂದ ಮಣಿಸಲು ನೋಡಿದನು. ಅವರ ಧರ್ಮಗುರು ಬೆಂಜಮಿನ್ ಹತ್ತು ವರ್ಷ ತಲೆಮರೆಸಿಕೊಂಡಿದ್ದನು. ಕಾಪ್ಟರು ಅರಬರನ್ನು ಬಿಡುಗಡೆ ತಂದವರೆಂದು ಸ್ವಾಗತಿಸಿದರು ಎಂದು ಕೆಲವರು ಬರೆಯುತ್ತಾರೆ, ಅಷ್ಟು ಸರಳವಾಗಿ ಹೇಳುವುದು ಸರಿಯಲ್ಲ. ಹಳ್ಳಿಯ ರೈತನಿಗೆ ಯಾವ ಸೈನ್ಯವೂ ಶುಭಸುದ್ದಿಯಾಗಿರಲಿಲ್ಲ. ಆದರೆ ಚಕ್ರವರ್ತಿಗಾಗಿ ಪ್ರಾಣ ಕೊಡಬೇಕೆಂಬ ಮನಸ್ಸು ಅವನಲ್ಲಿ ಉಳಿದಿರಲಿಲ್ಲ ಎಂಬುದು ನಿಜ.

ಇತ್ತ ಅರಬರನ್ನು ಮರುಭೂಮಿಯಿಂದ ಹೊರಟ ಶಿಸ್ತಿಲ್ಲದ ಗುಂಪೆಂದು ಭಾವಿಸಿದರೆ ಕಥೆ ಅರ್ಥವಾಗುವುದಿಲ್ಲ. ಅವರಲ್ಲಿ ಅನೇಕರು ತಲೆಮಾರುಗಳಿಂದ ಎರಡೂ ಸಾಮ್ರಾಜ್ಯಗಳ ಕೂಲಿಸೈನಿಕರಾಗಿ, ದಾರಿತೋರುವವರಾಗಿ, ವರ್ತಕರಾಗಿ ದುಡಿದಿದ್ದರು. ಸಿರಿಯಾದ ಪೇಟೆಗಳು ಮೆಕ್ಕಾದ ವ್ಯಾಪಾರಿಗಳಿಗೆ ಪರಿಚಿತವಾಗಿದ್ದವು. ಉತ್ತರದ ಯುದ್ಧದ ಸುದ್ದಿ ಅರೇಬಿಯಾದಲ್ಲಿ ಪ್ರತಿದಿನದ ಮಾತಾಗಿತ್ತು ಎಂಬುದಕ್ಕೆ ಕುರಾನಿನ 30ನೆಯ ಅಧ್ಯಾಯವೇ ಸಾಕ್ಷಿ. ಅದರ ಹೆಸರೇ ‘ರೂಮ್’. ರೋಮನರು ಹತ್ತಿರದ ನಾಡಿನಲ್ಲಿ ಸೋತಿದ್ದಾರೆ, ಕೆಲವೇ ವರ್ಷಗಳಲ್ಲಿ ಗೆಲ್ಲುತ್ತಾರೆ ಎಂದು ಅದು ಆರಂಭವಾಗುತ್ತದೆ. 622ರಲ್ಲಿ ಪ್ರವಾದಿ ಮೆಕ್ಕಾದಿಂದ ಮದೀನಾಕ್ಕೆ ವಲಸೆ ಹೋದರು. ಅದೇ ವರ್ಷ ಹೆರಾಕ್ಲಿಯಸ್ ತನ್ನ ಮೊದಲ ದಂಡಯಾತ್ರೆಗೆ ಹೊರಟನು. 632ರಲ್ಲಿ ಪ್ರವಾದಿ ನಿಧನರಾದಾಗ ಸಿಡಿದುಹೋಗಲಿದ್ದ ಬುಡಕಟ್ಟುಗಳನ್ನು ಮೊದಲ ಖಲೀಫ ಅಬೂಬಕರ್ ಒಂದೇ ವರ್ಷದ ಯುದ್ಧದಲ್ಲಿ ಮತ್ತೆ ಒಗ್ಗೂಡಿಸಿದರು. ಪರಸ್ಪರ ಕೊಳ್ಳೆಹೊಡೆಯುವುದನ್ನು ಹೊಸ ಧರ್ಮ ನಿಷೇಧಿಸಿದ್ದರಿಂದ ಅರೇಬಿಯಾದ ಯುದ್ಧಶಕ್ತಿಯೆಲ್ಲ ಇತಿಹಾಸದಲ್ಲಿ ಮೊದಲ ಬಾರಿಗೆ ಒಂದೇ ಆಜ್ಞೆಯ ಕೆಳಗೆ ಹೊರಮುಖವಾಯಿತು. ಅದನ್ನು ತಡೆಯಲೆಂದೇ ಇದ್ದ ಸಾಮಂತ ರಾಜ್ಯಗಳಲ್ಲಿ ಲಖ್ಮಿಗಳನ್ನು ಖುಸ್ರೋ ಕಿತ್ತೆಸೆದಿದ್ದನು. ಘಸ್ಸಾನಿಗಳು ಯರ್ಮೂಕಿನಲ್ಲಿ ರೋಮನರ ಪರ ಕಾದಾಡಿದರೂ ಹಿಂದಿನ ಬಲ ಅವರಲ್ಲಿರಲಿಲ್ಲ. ಗಡಿ ಕಾಯುವ ಅರಬರು ವಾಡಿಕೆಯ ಹಣ ಕೇಳಿದಾಗ, ನಮ್ಮ ಸೈನಿಕರಿಗೇ ಸಂಬಳವಿಲ್ಲವೆಂದು ರೋಮನ್ ಅಧಿಕಾರಿಯೊಬ್ಬ ಅವರನ್ನು ಅವಮಾನಿಸಿ ಕಳುಹಿಸಿದನೆಂದು ಗ್ರೀಕ್ ವೃತ್ತಾಂತವೊಂದು ಹೇಳುತ್ತದೆ. ಯುದ್ಧದ ಖರ್ಚು ಗಡಿಯನ್ನು ಹೇಗೆ ತಿಂದಿತೆಂಬುದು ಆ ಒಂದು ಸಂಗತಿಯಲ್ಲಿ ಅಡಗಿದೆ.

ಮುಂದಿನದು ವೇಗವಾಗಿ ನಡೆಯಿತು. 636ರ ಆಗಸ್ಟಿನಲ್ಲಿ ಯರ್ಮೂಕ್. ಅನಂತರ ಯೆರೂಸಲೇಮ್ ಒಪ್ಪಂದದ ಮೂಲಕ ಶರಣಾಯಿತು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಇರಾಕಿನ ಕಾದಿಸಿಯಾದಲ್ಲಿ ಪಾರಸೀಕ ಸೇನಾಪತಿ ರುಸ್ತಮ್ ಮಡಿದನು, ಟೆಸಿಫೋನ್ ಬಿತ್ತು. 639ರ ಕೊನೆಗೆ ಅರಬ್ ಸೇನಾಪತಿ ಅಮ್ರ್ ಇಬ್ನುಲ್ ಆಸ್ ಈಜಿಪ್ಟನ್ನು ಹೊಕ್ಕನು, 642ರಲ್ಲಿ ರೋಮನ್ ಸೈನ್ಯ ಅಲೆಕ್ಸಾಂಡ್ರಿಯವನ್ನು ತೆರವು ಮಾಡಿತು. ಅದೇ ವರ್ಷ ನಹಾವಂದ್‌ನಲ್ಲಿ ಪಾರಸೀಕರ ಕೊನೆಯ ದೊಡ್ಡ ಸೈನ್ಯ ಚದುರಿತು.

ಹಾಗಾದರೆ ಒಂದು ರಾಜ್ಯ ಉಳಿದು ಇನ್ನೊಂದು ಅಳಿದದ್ದೇಕೆ? ಭೂಪಟವನ್ನು ಎದುರಿಗಿಟ್ಟುಕೊಂಡರೆ ಮೊದಲ ಕಾರಣ ತಾನಾಗಿಯೇ ಕಾಣುತ್ತದೆ. ರೋಮನರು ಕಳೆದುಕೊಂಡದ್ದು ಪ್ರಾಂತಗಳನ್ನು, ರಾಜಧಾನಿಯನ್ನಲ್ಲ. ಸಿರಿಯಾದಿಂದ ಹಿಂದೆ ಸರಿದ ಸೈನ್ಯಗಳು ಟಾರಸ್ ಪರ್ವತಶ್ರೇಣಿಯ ಹಿಂದೆ, ಅನಟೋಲಿಯಾದ ಪ್ರಸ್ಥಭೂಮಿಯಲ್ಲಿ ನೆಲೆಸಿದವು; ಅದನ್ನೂ ದಾಟಿ ಬಂದವನಿಗೆ 626ರಲ್ಲಿ ಕಂಡ ಅದೇ ನೀರು, ಅದೇ ಗೋಡೆ ಎದುರಾಗುತ್ತಿತ್ತು. 717-18ರಲ್ಲಿ ಅರಬರ ಬೃಹತ್ ನೌಕಾಪಡೆ ಮತ್ತು ಭೂಸೈನ್ಯ ಅಲ್ಲಿಯೇ ಸೋತು ಹಿಂದಿರುಗಿದವು. ಸಸಾನಿಗಳ ರಾಜಧಾನಿಯಾದರೋ ಅರೇಬಿಯಾದ ಮರುಭೂಮಿಗೆ ಕೆಲವೇ ದಿನಗಳ ದಾರಿಯಲ್ಲಿ, ಬಯಲಿನಲ್ಲಿ ಇತ್ತು. ರಾಜಧಾನಿಯಷ್ಟೇ ಅಲ್ಲ, ರಾಜ್ಯದ ಕಂದಾಯದ ಬಹುದೊಡ್ಡ ಪಾಲನ್ನು ಕೊಡುತ್ತಿದ್ದ ಇರಾಕಿನ ಕಾಲುವೆಯ ಬಯಲೂ ಅದರ ಸುತ್ತಲೇ ಇತ್ತು. ಅದು ಕೈತಪ್ಪಿದ ದಿನವೇ ಯಜ್ದಗಿರ್ದ್ ಸಂಬಳ ಕೊಡಲಾಗದ ದೊರೆಯಾದನು.

ಎರಡನೆಯ ಕಾರಣ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ಸಸಾನಿ ದೊರೆಗಳು ‘ರಾಜರ ರಾಜ’ ಎಂಬ ಬಿರುದು ಹೊತ್ತಿದ್ದರು, ಅದು ಅಕ್ಷರಶಃ ನಿಜ: ಮಿಹ್ರಾನ್, ಕಾರೇನ್, ಸೂರೇನ್ ಮೊದಲಾದ ಮನೆತನಗಳು ತಮ್ಮ ತಮ್ಮ ನಾಡು ಮತ್ತು ತಮ್ಮ ತಮ್ಮ ಕುದುರೆದಂಡು ಇಟ್ಟುಕೊಂಡು ದೊರೆಯ ಜತೆ ಪಾಲುದಾರರಂತೆ ನಿಂತಿದ್ದವು. ಸಿಂಹಾಸನದ ಮೇಲೆ ಯೋಗ್ಯನಿದ್ದಾಗ ಈ ಪಾಲುದಾರಿಕೆ ನಡೆಯುತ್ತಿತ್ತು. 628ರ ಕೊಲೆಗಳು ಅದನ್ನು ಮುರಿದವು. ಸೋಲು ಬಂದಾಗ ಒಂದೊಂದು ಮನೆತನ, ಒಂದೊಂದು ಪಟ್ಟಣ ತನ್ನದೇ ಒಪ್ಪಂದ ಮಾಡಿಕೊಂಡಿತು. ಪಾರಸೀಕ ಕುದುರೆಸವಾರರ ಒಂದು ಪಡೆ ಅರಬರೊಡನೆ ಸೇರಿ ಬಸ್ರಾದಲ್ಲಿ ನೆಲೆಸಿತು. ಯಜ್ದಗಿರ್ದ್ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಆಶ್ರಯ ಬೇಡುತ್ತ ಹೋಗಿ, 651ರಲ್ಲಿ ಮರ್ವ್ ನಗರದ ಬಳಿ ಒಬ್ಬ ಗಿರಣಿಯವನ ಕೈಯಲ್ಲಿ ಸತ್ತನೆಂದು ಹೇಳಲಾಗುತ್ತದೆ. ಅವನ ಮಗ ಪೇರೋಜ್ ಚೀನಾದ ತಾಂಗ್ ಆಸ್ಥಾನವನ್ನು ಸೇರಿ ಅಲ್ಲಿಯೇ ಕೊನೆಯುಸಿರೆಳೆದನು.

ಮತಗಳ ಗತಿಯೂ ಇದಕ್ಕೆ ತಕ್ಕಂತೆ ಆಯಿತು. ರಾಜನ ದತ್ತಿಯಿಂದ ನಡೆಯುತ್ತಿದ್ದ ಅಗ್ನಿಮಂದಿರಗಳಿಗೆ ರಾಜ್ಯ ಹೋದಾಗ ಆಧಾರವೇ ಹೋಯಿತು. ಸಿರಿಯಾ, ಇರಾಕ್, ಈಜಿಪ್ಟ್‌ಗಳ ಚರ್ಚುಗಳು ರಾಜಾಶ್ರಯವಿಲ್ಲದೆ ಬದುಕುವುದನ್ನು ಮೊದಲೇ ಬಲ್ಲವಾಗಿದ್ದರಿಂದ ಬಹುಕಾಲ ಗಟ್ಟಿಯಾಗಿ ನಿಂತವು. ಆದರೂ ಜನ ಒಮ್ಮೆಲೇ ಮತಾಂತರಗೊಂಡರೆಂಬ ಕಲ್ಪನೆ ತಪ್ಪು. ಖಲೀಫ ಉಮರ್ ಅವರ ಕಾಲದಲ್ಲಿ ಅರಬ್ ಸೈನಿಕರನ್ನು ಕೂಫಾ, ಬಸ್ರಾ, ಫುಸ್ತಾತ್ ಎಂಬ ಹೊಸ ಪಾಳೆಯಪಟ್ಟಣಗಳಲ್ಲಿ ಇರಿಸಿ, ಪಟ್ಟಿಯ ಪ್ರಕಾರ ಸಂಬಳ ಕೊಡಲಾಯಿತು. ಗೆದ್ದ ನಾಡಿನ ಜನ ಜಿಝಿಯಾ ಮತ್ತು ಭೂಕಂದಾಯ ಕೊಟ್ಟು ತಮ್ಮ ಮತದಲ್ಲೇ ಉಳಿದರು. ಇರಾನ್ ಬಹುಸಂಖ್ಯಾತ ಮುಸ್ಲಿಂ ನಾಡಾಗಲು ಎರಡು ಮೂರು ಶತಮಾನಗಳು ಬೇಕಾದವು. ಖುಸ್ರೋನ ಮುಖವಿದ್ದ ಬೆಳ್ಳಿನಾಣ್ಯದ ಅಂಚಿನಲ್ಲಿ ‘ಬಿಸ್ಮಿಲ್ಲಾ’ ಎಂದು ಸೇರಿಸಿ ಹೊಸ ಆಡಳಿತ ದಶಕಗಳ ಕಾಲ ಅದನ್ನೇ ಚಲಾವಣೆಯಲ್ಲಿಟ್ಟಿತು. ಚಿತ್ರವಿಲ್ಲದ ಅರಬ್ಬಿ ನಾಣ್ಯ ಬಂ‌ದದ್ದು 690ರ ದಶಕದ ಉತ್ತರಾರ್ಧದಲ್ಲಿ, ಖಲೀಫ ಅಬ್ದುಲ್ ಮಲಿಕ್ ಅವರ ಕಾಲದಲ್ಲಿ.

ವಿಯೆನ್ನಾದಲ್ಲಿ ಒಂದು ಪಪೈರಸ್ ಹಾಳೆ ಇದೆ. 643ರ ಏಪ್ರಿಲ್ 25ರಂದು, ಎಂದರೆ ಹಿಜ್ರಿ 22ರಲ್ಲಿ, ಈಜಿಪ್ಟಿನ ಹೆರಾಕ್ಲಿಯೋಪೊಲಿಸ್ ಪಟ್ಟಣದಲ್ಲಿ ಬರೆದ ರಸೀದಿ ಅದು. ಅರ್ಧ ಗ್ರೀಕ್, ಅರ್ಧ ಅರಬ್ಬಿ. ಅಬ್ದುಲ್ಲಾ ಎಂಬ ಅರಬ್ ದಳಪತಿ ತನ್ನ ಸೈನಿಕರ ಊಟಕ್ಕಾಗಿ ಅಲ್ಲಿನ ಇಬ್ಬರು ಕ್ರೈಸ್ತ ಅಧಿಕಾರಿಗಳಿಂದ 65 ಕುರಿಗಳನ್ನು ಪಡೆದಿದ್ದಾನೆ. ಗ್ರೀಕ್ ಭಾಗವನ್ನು ಬರೆದವನು ಜಾನ್ ಎಂಬ ಕ್ರೈಸ್ತ ಗುಮಾಸ್ತ, ಚರ್ಚಿನ ಸೇವಕನೂ ಹೌದು. ಅರವತ್ತೈದು, ಅದಕ್ಕಿಂತ ಹೆಚ್ಚಿಲ್ಲ ಎಂದು ಅವನು ಒತ್ತಿ ಬರೆದಿದ್ದಾನೆ. ಹಾಳೆಯ ಹಿಂಬದಿಯಲ್ಲಿ, ಈ ಕುರಿಗಳ ಬೆಲೆಯನ್ನು ಆ ಸಾಲಿನ ಕಂದಾಯಕ್ಕೆ ಜಮಾ ಮಾಡಬೇಕೆಂಬ ಟಿಪ್ಪಣಿಯಿದೆ. ಆ ಸಾಲನ್ನು ಎಣಿಸಿರುವುದು ರೋಮನರ ಹಳೆಯ ಕಂದಾಯಚಕ್ರದ ಪ್ರಕಾರವೇ.